ಒಂದನೇ ನಂಬರ್ ಕಾಯಿ

ಬಣ್ಣಗೆಟ್ಟ ಎರಡನೇ ನಂಬರ್ ರಾಶಿಯಿಂದ ಒಂದು ಬೊಗಸೆ ಮೆಣಸಿನಕಾಯಿ ತೆಗೆದು, ಗುಡ್ಡಪ್ಪ ಬೇಕೆಂದೇ ಒಂದನೇ ನಂಬರ್ ಚೀಲದೊಳಗೆ ಬೆರೆಸಿದ. ಆಮೇಲೆ ಶೇಖವ್ವನನ್ನು ಕರೆದ.

“ನೋಡು, ಹೆಂಗದಾವ?”

ಅವಳು ಬಗ್ಗಿ ಚೀಲದಲ್ಲಿ ಕೈಯಾಡಿಸಿದಳು. “ಭಾಳ ಚಲೋ ಅದಾವ್ರಿ.”

ಸಿಕ್ಕಿಬಿದ್ದಳು, ಎಂದುಕೊಂಡ ಗುಡ್ಡಪ್ಪ. ಬ್ಯಾಡಗಿಯ ಆ ಗೋದಾಮಿನಲ್ಲಿ ಕಾಯಿ ಆರಿಸುವ ಹೆಂಗಸರಿಗೆಲ್ಲ ಅವನೇ ಮೇಸ್ತ್ರಿ. ಒಂದನೇ ನಂಬರಿನ ಕೊನೆಯ ಆಯ್ಕೆ ಅವನ ಕೈಯದೇ. ಅವನು ನೋಡಿ ಹೊಲಿಸಿದ ಚೀಲವನ್ನು ಮಸಾಲೆ ಕಂಪನಿಯವರು ಬಿಚ್ಚಿಯೂ ನೋಡದೆ ಲಾರಿಗೆ ಏರಿಸುತ್ತಾರೆ. ಒಂದು ಸಲ ಕೆಟ್ಟ ಕಾಯಿ ಸಿಕ್ಕರೆ ಮುಗಿಯಿತು, ಮೂವತ್ತು ವರ್ಷದ ಹೆಸರು ಮಣ್ಣುಪಾಲು.

ಶೇಖವ್ವನ ಬಾಯಿ ಮೊದಲು ಹೀಗಿರಲಿಲ್ಲ. ಸಂಕ್ರಾಂತಿ ಹೊತ್ತಿಗೆ ಒಂದು ದಿನ ಎಲ್ಲರಿಗೂ ಕೇಳುವಂತೆ, “ಗುಡ್ಡಪ್ಪಣ್ಣಾ, ಕಣ್ಣ ಎಲ್ಲಿಟ್ಟೀದಿ? ಬಣ್ಣ ಬಿಟ್ಟಾವ ಇವು!” ಎಂದಿದ್ದಳು. ಹೆಂಗಸರು ಕಿಸಕ್ಕೆಂದು ನಕ್ಕಿದ್ದರು. “ಮರ್ಯಾದಿ ಕೊಟ್ಟ ಮಾತಾಡೂದ ಕಲಿ. ಇಲ್ಲಾಂದ್ರ ನಾಳಿಂದ ಬರಬ್ಯಾಡ” ಎಂದು ಅವನು ಹಾರಾಡಿದ್ದ. ಅಂದಿನಿಂದ ಎಲ್ಲದಕ್ಕೂ ‘ರೀ’, ಎಲ್ಲವೂ ಚಲೋ. ಈ ನಯ ನೋಡಿದಷ್ಟೂ ಅವನಿಗೆ ಸಂಶಯ. ಕಂಪನಿಯವರ ಮುಂದೆ ಚೀಲ ಬಿಚ್ಚಿಸಿ ತನ್ನ ಮೇಸ್ತ್ರಿಕೆ ಕಸಿಯುವ ಹುನ್ನಾರವೇ ಇದು!

ಊಟದ ಹೊತ್ತಿಗೆ ಹೆಂಗಸರೆಲ್ಲ ಬುತ್ತಿ ಹಿಡಿದು ಹೊರಗೆ ಹೋದರು. ಶೇಖವ್ವ ಮಾತ್ರ ಹೋಗಲಿಲ್ಲ. ಗುಡ್ಡಪ್ಪ ಚೀಲಗಳ ಅಟ್ಟಿಯ ಹಿಂದೆ ಅಡಗಿ, ಘಾಟಿಗೆ ಬಂದ ಸೀನನ್ನು ಮೂಗು ಹಿಡಿದು ತಡೆದ.

ಅವನು ಬೆರೆಸಿಟ್ಟಿದ್ದ ಚೀಲದಿಂದ ಅವಳು ಕೆಟ್ಟ ಕಾಯಿಗಳನ್ನು ಒಂದೊಂದಾಗಿ ಹೆಕ್ಕಿ ಸೆರಗಿಗೆ ಹಾಕಿಕೊಂಡಳು. ಕಳ್ಳಿ ಬೇರೆ! ಗುಡ್ಡಪ್ಪ ಹೊರಗೆ ಹಾರಬೇಕು, ಅಷ್ಟರಲ್ಲಿ ಅವಳು ಪಕ್ಕದ ಚೀಲಕ್ಕೆ ಸರಿದಳು. ಅಲ್ಲಿಂದಲೂ ಹೆಕ್ಕಿದಳು. ಮೂರನೆಯದರಿಂದ ಇನ್ನೂ ಹೆಚ್ಚು. ಸೆರಗು ತುಂಬಿದ್ದೇ ಎಲ್ಲವನ್ನೂ ಎರಡನೇ ನಂಬರ್ ರಾಶಿಗೆ ಸುರಿದಳು.

ಗುಡ್ಡಪ್ಪ ಬೆರೆಸಿದ್ದು ಒಂದೇ ಚೀಲಕ್ಕೆ. ಉಳಿದವನ್ನು ಬೆಳಿಗ್ಗೆಯಿಂದ ಕೂತು ತಾನೇ ಆರಿಸಿದ್ದ. ಹೊರಗೆ ಬಂದು, ಅವಳು ಸುರಿದ ಕಾಯಿಗಳಲ್ಲಿ ಒಂದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದ. ಅವನಿಗೆ ಅದು ಕೆಂಪಗೇ ಕಂಡಿತು.

“ಎಷ್ಟ ದಿನದಿಂದ ಹಿಂಗ ಆರಸಾಕತ್ತೀಯವಾ?” ಎಂದು ಕೇಳಿದ.

ಶೇಖವ್ವ ಸೆರಗು ಕೊಡವಿ ಬುತ್ತಿ ಎತ್ತಿಕೊಂಡಳು.

“ನಿಮಗ ಮರ್ಯಾದಿ ಕೊಡಾಕ ಹತ್ತಿದಾಗಿಂದರಿ.”