ನಡುವಿನ ವರ್ಷಗಳು

ತಾರಾಗೆ ಹತ್ತು ತುಂಬಿತು. ಎಲ್ಲ ಮಕ್ಕಳಿಗೂ ಮಾಡಿಸುವಂತೆ ಅವಳ ನೆನಪಿನ ಚಿತ್ರವನ್ನೂ ಸ್ಟುಡಿಯೋದಲ್ಲಿ ಮಾಡಿಸಿ ತಂದರು. ಮನೆಯವರು ಕೊಟ್ಟ ಫೋಟೋಗಳ ನಡುವಿನ ದಿನಗಳನ್ನೆಲ್ಲ ಯಂತ್ರವೇ ಊಹಿಸಿ ತುಂಬಿ, ಪರದೆಯ ಮೇಲೆ ಓಡಿಸುತ್ತಿತ್ತು.

ಅಪ್ಪ ಶೇಖಪ್ಪ ಹಡಗಿನ ಕೆಲಸಕ್ಕೆ ಹೊರಟ ದಿನ ಕೂಸನ್ನೆತ್ತಿಕೊಂಡು ಒಂದು ಫೋಟೋದಲ್ಲಿದ್ದ. ಆರು ವರ್ಷದ ಮೇಲೆ ಮರಳಿದ ದಿನ ಇನ್ನೊಂದರಲ್ಲಿ. ಯಂತ್ರ ಆ ಆರೂ ವರ್ಷ ಮಗಳನ್ನು ಅವನ ಕೈಯಲ್ಲೇ ಬೆಳೆಸಿತು. ಫೋಟೋಗಳನ್ನೆಲ್ಲ ತೆಗೆದವಳು ಅವ್ವ ನೀಲಾ, ಒಂದರಲ್ಲೂ ಅವಳಿರಲಿಲ್ಲ.

"ಅಪ್ಪಾ, ನಾ ನಡಿಯೂದು ಕಲ್ತದ್ದು ನಿನ್ನ ಬೆರಳ ಹಿಡದನ!" ತಾರಾ ಕುಣಿದಳು. "ಅವ್ವಾ, ನೀ ಆವಾಗ ಎಲ್ಲಿ ಹೋಗಿದ್ದಿ?"

ನೀಲಾ ಗಂಡನತ್ತ ತಿರುಗಿದಳು. "ನೀವರ ಹೇಳ್ರಿ ಅಕಿಗೆ."

ಶೇಖಪ್ಪ ಪರದೆಯಿಂದ ಕಣ್ಣು ಕೀಳಲಿಲ್ಲ.

"ಹೌದ ಮಗಳ," ಎಂದ, "ನೀ ಬಿದ್ದಾಗೆಲ್ಲಾ ನನಗನ ಅಳು ಬರ್ತಿತ್ತು."