ಮೂರನೆಯ ತೋಟೆ

ಅಂದು ಬೆಳಿಗ್ಗೆ ಮೋಡ ಸರಿದು ಎಳೆಬಿಸಿಲು ಬಿದ್ದಿತ್ತು. ಕೋವಿಯ ತೋಟೆಗೆ ಮದ್ದು ತುಂಬಲು ಹೇಳಿ ಮಾಡಿಸಿದ ಹವೆ. ಬೆಳ್ಯಪ್ಪಜ್ಜ ಹೊಸ ಖಾಲಿ ಹಿತ್ತಾಳೆ ತೋಟೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿ, ಬಾಯಿ ಸೊಟ್ಟಗಿದ್ದವನ್ನು ಬದಿಗಿಟ್ಟು, ಸಮತೂಕದ ಐದನ್ನು ಆರಿಸಿದರು. ಅಂಚು ಉಜ್ಜಿ ನಯಮಾಡಿ, ದೇವರ ದೀಪಕ್ಕೆ ತೋರಿಸಿ, ಮದ್ದು ತುಂಬಿದರು.

ಮುಂದೆ ತಾವು ತೀರಿಕೊಂಡ ದಿನ ಹಾರಿಸಲೆಂದೇ ಈ ಸಿದ್ಧತೆ. ಆ ಊರಿನಲ್ಲಿ ಒಂದು ಗುಂಡು ಕೇಳಿದರೆ ಗಂಡು ಮಗು ಹುಟ್ಟಿದೆಯೆಂದು, ಎರಡು ಕೇಳಿದರೆ ಸಾವೆಂದು ಲೆಕ್ಕ.

“ಆ ಹೊತ್ತಿಗೆ ಒಂದು ಠುಸ್ ಅಂದ್ರೆ ನನ್ನ ಹೆಣದ ಮುಂದೆ ಬಂದು ಸಿಹಿ ಕೇಳ್ತಾರೆ, ದೇಚು. ಈಗಲೇ ಹೊಡೆದು ನೋಡ್ಬೇಕು.”

“ಒಂದು ಹೊಡೆದ್ರೆ ಈ ವಯಸ್ಸಲ್ಲಿ ನಾನು ಹೆತ್ತೆ ಅಂತಾರೆ. ಎರಡು ಹೊಡೆದ್ರೆ ನಿಮ್ಮನ್ನ ಹೊರೋಕೆ ಬರ್ತಾರೆ,” ಎಂದರು ಹೆಂಡತಿ ದೇಚಮ್ಮ.

“ಅದಕ್ಕೇ ಮೂರು ಹೊಡೀತೇನೆ. ಮೂರಕ್ಕೆ ಅರ್ಥವೇ ಇಲ್ಲವಲ್ಲ.”

ಅಂಗಳದಲ್ಲಿ ನಿಂತು ಕೋವಿಯನ್ನು ಆಕಾಶಕ್ಕೆತ್ತಿದರು. ಮೊದಲನೆಯದು ಗುಡುಗಿತು. ಎರಡನೆಯದೂ ಗುಡುಗಿತು. ಮೂರನೆಯದು ಠುಸ್ ಎಂದಿತು.

ಅರ್ಧ ಗಂಟೆಯೊಳಗೆ ಬಿಳಿ ಬಟ್ಟೆಯುಟ್ಟವರು ಗದ್ದೆಯ ಬದುವಿನ ಮೇಲೆ ಸಾಲುಗಟ್ಟಿ ಬಂದರು. ಅಜ್ಜ ನಾಚಿ ಕದದ ಹಿಂದೆ ಅವಿತರು.

ಮೊದಲು ಮೆಟ್ಟಿಲು ಹತ್ತಿದವನು ನೆರೆಮನೆಯ ಚಂಗಪ್ಪ.

“ಅಕ್ಕ, ಭಾವನ ಸೊಂಟಕ್ಕೆ ಇದನ್ನ ಸಿಕ್ಕಿಸಿ ಕಳಿಸಿ. ಅಲ್ಲಿ ಹೋಗಿ ನನ್ನ ಹೆಸರು ಹೇಳದಿರಲಿ,” ಎಂದು ಪಿಸುಗುಟ್ಟಿ, ಒಂಬತ್ತು ವರ್ಷದಿಂದ ತಾನು ಕಂಡೇ ಇಲ್ಲವೆಂದು ಆಣೆ ಹಾಕುತ್ತಿದ್ದ ಅಜ್ಜನ ಬೆಳ್ಳಿ ಒರೆಯ ಪೀಚೆಕತ್ತಿಯನ್ನು ದೇಚಮ್ಮನ ಕೈಯಲ್ಲಿಟ್ಟ.