ಜಾಲಿ ಮೇಯುವ ಗಾಡಿ

ಚಾಲಕನಿಲ್ಲದೆ, ಜಾಲಿ ತಿಂದೇ ಓಡುವ ಸೈನ್ಯದ ಗಾಡಿಗಳು ಮೇಯಲು ಚಳ್ಳಕೆರೆಯ ಕಾವಲು ಬಯಲಿಗೆ ಬಂದು ಎರಡು ವರ್ಷವಾಗಿತ್ತು. ನಾಲ್ಕು ಚಕ್ರ, ಗುಂಡು ನಾಟದ ಉಕ್ಕಿನ ಮೈ, ಮುಳ್ಳನ್ನೂ ಅರೆದು ನುಂಗುವ ಬಾಯಿ. ಕುರಿಗಳ ಜೊತೆಗೇ ಅವನ್ನೂ ಮೇಯಿಸುತ್ತಿದ್ದವಳು ತಿಪ್ಪಕ್ಕ.

ಇವತ್ತು ಎಲ್ಲಕ್ಕಿಂತ ಕಿರಿಯ ಗಾಡಿಗೆ ಪರೀಕ್ಷೆ. ದಾರಿಗೆ ಅಡ್ಡ ಮಲಗಿಸಿದ ಹುಲ್ಲಿನ ಮನುಷ್ಯನ ಮೇಲೆ ಹಾದುಹೋದರೆ ಅದಕ್ಕೆ ಬಂದೂಕು ಕಟ್ಟಿ ಗಡಿಗೆ ಕಳಿಸುತ್ತಾರೆ. ಹಾಗೆ ಹೋದ ಮೂರರಲ್ಲಿ ಒಂದೂ ಹಿಂದಿರುಗಿರಲಿಲ್ಲ. ಹೆದರಿ ನಿಂತರೆ ಗುಜರಿಗೆ.

"ಬಿಡವ್ವ," ಎಂದರು ಸುಬೇದಾರ್ ಮಾಚಯ್ಯ.

ತಿಪ್ಪಕ್ಕ ಕುರಿ ಹೊಡೆಯುವಂತೆ ಲೊಚಗುಟ್ಟಿದಳು. ಗಾಡಿ ಧೂಳೆಬ್ಬಿಸಿ ಓಡಿತು. ಅವಳು ಸೆರಗು ಕಚ್ಚಿಕೊಂಡಳು, ಕಣ್ಣು ಮಾತ್ರ ಮುಚ್ಚಲಿಲ್ಲ.

ಹುಲ್ಲಿನ ಮನುಷ್ಯನಿಗೆ ಇನ್ನು ಗೇಣು ದೂರವಿರುವಾಗ ಗಾಡಿ ನಿಂತಿತು. ಮೆಲ್ಲಗೆ ತಿರುಗಿ, ಅವನತ್ತ ಬೆನ್ನು ಮಾಡಿ, ಹಿಂಬಾಗಿಲು ತೆರೆಯಿತು.

"ಇದೇನಿದು? ಯಾರು ಕಲಿಸಿದ್ದು ಇದಕ್ಕೆ?"

"ಯಾರೂ ಕಲಿಸ್ಲಿಲ್ಲ ಸಾ," ತಿಪ್ಪಕ್ಕ ನೆಲ ನೋಡುತ್ತಲೇ ಹೇಳಿದಳು. "ಕುಂಟೋ ಮರಿಗಳ್ನ ದಿನಾ ಇದ್ರಾಗೇ ಹತ್ತಿಸ್ಕೊಂಡು ಬರ್ತಿದ್ದೆ. ಇವನಿಗೂ ಕಾಲು ನೋವು ಅನ್ಕೊಂಡೈತೆ."

ಮಾಚಯ್ಯ ಗಾಡಿಗೆ ಒಂದು ಸುತ್ತು ಬಂದು, ತೆರೆದ ಬಾಗಿಲೊಳಗೆ ಇಣುಕಿದರು. ಆಮೇಲೆ ಕೆಂಪು ಬಣ್ಣದ ಡಬ್ಬಿ ತರಿಸಿ, ಗಾಡಿಯ ಪಕ್ಕೆಯ ಮೇಲೆ ತಾವೇ ಆಸ್ಪತ್ರೆಯ ಗುರುತು ಬರೆದರು. "ಗಾಯಾಳುಗಳನ್ನ ಹೊರಲಿ. ಹೊಡ್ಕೊಂಡು ಹೋಗವ್ವ."

ಲೊಚಗುಟ್ಟಿದರೂ ಗಾಡಿ ಅಲ್ಲಾಡಲಿಲ್ಲ. ತಿಪ್ಪಕ್ಕ ಹೋಗಿ ಹುಲ್ಲಿನ ಮನುಷ್ಯನನ್ನು ಎತ್ತಿ ಒಳಗೆ ಮಲಗಿಸಿದಳು. ಆಗ ಅದು ಬಾಗಿಲು ಮುಚ್ಚಿಕೊಂಡು, ಕುಲುಕದಂತೆ, ಹಟ್ಟಿಯ ಕಡೆಗೆ ಹೊರಟಿತು.